ಏಸಿ ಇಲ್ಲದೆ ಮನೆ ತಂಪಾಗಿಡುವುದು ಹೇಗೆ? ಸಂಜೆ ಏಳಾದರೂ ಕೋಣೆಯ ಸೆಖೆ ಇಳಿಯುತ್ತಿಲ್ಲ

ಹಾರಂಗಿ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಶಾಲನಗರದಿಂದ ಸ್ವಲ್ಪ ಒಳಗೆ. ಒಂದೇ ಅಂತಸ್ತು, ಆರ್‌ಸಿಸಿ ತಾರಸಿ, ಅದರ ಮೇಲೆ ಮಳೆಗೆ ಅಂತ ಕೆಂಪು ಬಣ್ಣದ ಶೀಟು. ಶೀಟಿನ ಎರಡೂ ತುದಿಗೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿದ್ದಾರೆ. ಒಳಗೆ ಸೌದೆ, ಖಾಲಿ ಗೋಣಿಚೀಲ, ಹಳೇ ಸಾಮಾನು ತುಂಬಿದೆ. ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ.

ಮಾರ್ಚ್ ಬಂತು ಅಂದರೆ ಪಶ್ಚಿಮದ ಮೂಲೆಯ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಮಧ್ಯಾಹ್ನಕ್ಕಿಂತ ಸಂಜೆಯೇ ಸೆಖೆ ಜಾಸ್ತಿ. ನಿನ್ನೆ ಸಂಜೆ ಏಳಕ್ಕೆ ಅಂಗಳದಲ್ಲಿ 26 ಡಿಗ್ರಿ, ಕೋಣೆಯೊಳಗೆ 33. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಕೆಳಗೆ ಬೀಳುತ್ತದೆ. ಆ ಕೋಣೆಯಲ್ಲಿ ಮಲಗುವುದು ನಮ್ಮ ಮಾವ, ಎಂಬತ್ತರ ಹತ್ತಿರದವರು.

ಏಸಿ ಬೇಡ ಅಂತ ತೀರ್ಮಾನ ಆಗಿದೆ. ಇಲ್ಲಿ ವೋಲ್ಟೇಜ್ ಇರುವುದಿಲ್ಲ, ಕರೆಂಟ್ ಹೋಗುತ್ತಲೇ ಇರುತ್ತದೆ, ಮಾವನಿಗೂ ಆ ಗಾಳಿ ಒಗ್ಗುವುದಿಲ್ಲ. ಬೇರೆ ಏನು ಮಾಡಬಹುದು? ನಿಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನು ಹೇಳಿ.

ಮಂಜಿನ ಮನೆ
ತಾರಸಿಗೆ ಸಂಜೆ ನಾಲ್ಕಕ್ಕೆ ನೀರು ಬಿಡಿ. ಅರ್ಧ ಗಂಟೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ರೊಬಸ್ಟಾ ರೈತ
ಮಂಜಿನ ಮನೆಯವರೇ, ಅವರ ತಾರಸಿ ಮೇಲೆ ಶೀಟು ಇದೆ, ನೀರು ಬಿಡುವುದು ಎಲ್ಲಿಗೆ? ಅದೂ ಅಲ್ಲದೆ ಏಪ್ರಿಲ್‌ನಲ್ಲಿ ನೀರು ಯಾರ ಹತ್ತಿರ ಇದೆ? 2024ರ ಬೇಸಿಗೆ ಮರೆತುಹೋಯಿತಾ? ಕಾವೇರಿಯಲ್ಲೇ ಕಲ್ಲು ಕಾಣುತ್ತಿತ್ತು. ನಮ್ಮ ಬಾವಿ ತಳ ಕಂಡಿತ್ತು. ಕಾಫಿ ಹೂವು ಅರಳಿಸಲು ಸ್ಪ್ರಿಂಕ್ಲರ್‌ಗೇ ನೀರಿಲ್ಲದೆ ಒದ್ದಾಡುವ ತಿಂಗಳಲ್ಲಿ ತಾರಸಿಗೆ ಸುರಿಯುವುದು ಸರಿಯಲ್ಲ.

ಮಂಜಿನ ಮನೆ
ಬಟ್ಟೆ ತೊಳೆದ ನೀರನ್ನೇ ಬಿಡಬಹುದಲ್ವಾ ಅಣ್ಣ. ಕುಡಿಯುವ ನೀರು ಸುರಿಯಿರಿ ಅಂತ ನಾನು ಹೇಳಲಿಲ್ಲ.

ಶನಿವಾರಸಂತೆ ಮೇಷ್ಟ್ರು
ನೀರಿನ ಜಗಳ ಆಮೇಲೆ ಆಡೋಣ. ಮೊದಲು ಬಿಸಿ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಬೇಕು. ತಂಗಿ, ಒಂದು ಕೆಲಸ ಮಾಡಿ. ಸಂಜೆ ಏಳಕ್ಕೆ ಸ್ಟೂಲ್ ಹತ್ತಿ ಕೋಣೆಯ ಸೀಲಿಂಗಿಗೆ ಅಂಗೈ ಇಡಿ. ಆಮೇಲೆ ಪಶ್ಚಿಮದ ಗೋಡೆಗೆ, ಆಮೇಲೆ ಉತ್ತರದ ಗೋಡೆಗೆ, ಕೊನೆಗೆ ನೆಲಕ್ಕೆ. ಯಾವುದು ಹೆಚ್ಚು ಬಿಸಿ ಅಂತ ಕೈಗೇ ತಿಳಿಯುತ್ತದೆ. ಅದನ್ನು ಬರೆದು ಹಾಕಿ, ಮುಂದಿನದು ಹೇಳೋಣ.

ಕಾಂಕ್ರೀಟು ಹಗಲಿಡೀ ಬಿಸಿಲು ಹೀರಿಕೊಂಡು ನಿಧಾನಕ್ಕೆ ಕೆಳಗೆ ಬಿಡುತ್ತದೆ. ಅದಕ್ಕೇ ನಿಮಗೆ ಮಧ್ಯಾಹ್ನಕ್ಕಿಂತ ಸಂಜೆ ಕಷ್ಟ.

ಹೋಂಸ್ಟೇ ವಿರಾಜಪೇಟೆ
ಏರ್ ಕೂಲರ್ ತಗೊಳ್ಳಿ, ಏಸಿಗಿಂತ ಎಷ್ಟೋ ಕಡಿಮೆ ಕರೆಂಟ್. ನಮ್ಮ ಎರಡು ಕೋಣೆಗೆ ಹಾಕಿದ್ದೇವೆ.

ಅಮ್ಮತ್ತಿ ಅಕ್ಕ
ಕೂಲರ್ ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿರುವಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೆ ಅದರಿಂದ ಏನೂ ಪ್ರಯೋಜನ ಇಲ್ಲ. ನೀರು ಆವಿಯಾದರೆ ತಾನೇ ತಂಪು? ಗಾಳಿಯೇ ನೀರು ಕುಡಿದು ಕೂತಿದ್ದರೆ ಆವಿ ಎಲ್ಲಿಗೆ ಹೋಗಬೇಕು? ಕೋಣೆ ಸೆಖೆ ಸೆಖೆ ಆಗುತ್ತದೆ, ಹಾಸಿಗೆ ಅಂಟು ಅಂಟು. ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕುವವರೂ ಇದ್ದಾರೆ, ಅದಂತೂ ಪೂರ್ತಿ ತಪ್ಪು. ಒಂದು ಕಿಟಕಿ ತೆರೆದಿರಲೇಬೇಕು.

ಹಾರಂಗಿ ಸೊಸೆ
ಮೇಷ್ಟ್ರೇ, ನೀವು ಹೇಳಿದ ಹಾಗೆ ಮಾಡಿದೆ. ಸೀಲಿಂಗು ಕೈ ಇಡಲಾಗದಷ್ಟು ಅಲ್ಲದಿದ್ದರೂ ಚೆನ್ನಾಗಿ ಬಿಸಿ. ಪಶ್ಚಿಮದ ಗೋಡೆ ಅದಕ್ಕಿಂತ ಸ್ವಲ್ಪ ಕಮ್ಮಿ. ಉತ್ತರದ ಗೋಡೆ ಬೆಚ್ಚಗೆ. ನೆಲ ಮಾತ್ರ ತಣ್ಣಗಿತ್ತು! ಮಾವ ಕೆಳಗೆ ಚಾಪೆ ಹಾಸಿ ಅಂತ ಯಾಕೆ ಹೇಳುತ್ತಿದ್ದರು ಅಂತ ಈಗ ಅರ್ಥ ಆಯಿತು.

ಶನಿವಾರಸಂತೆ ಮೇಷ್ಟ್ರು
ನೋಡಿದಿರಾ, ಮೊದಲ ಆರೋಪಿ ಸೂರು. ನಮ್ಮ ಕೊಡಗು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟ್‌ನಲ್ಲಿ ಇನ್ನೊಂದು ಸಲ ಬರುತ್ತಾನೆ, ಆಗ ಮೋಡ ಇರುವುದರಿಂದ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಹೊಡೆತ ಎಲ್ಲ ಸೂರಿಗೆ, ಬೆಳಿಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ. ದುಡ್ಡು ಖರ್ಚು ಮಾಡುವುದಾದರೆ ಅದೇ ಕ್ರಮದಲ್ಲಿ ಮಾಡಿ. ದಕ್ಷಿಣದ ಕಿಟಕಿಗೆ ದಪ್ಪ ಕರ್ಟನ್ ಹಾಕಿ ಏನೂ ಸಿಗುವುದಿಲ್ಲ.

ಸುಂಟಿಕೊಪ್ಪ ಮೇಸ್ತ್ರಿ
ನಾನು ಮನೆ ಕಟ್ಟುವ ಕೆಲಸದವನು. ಈ ಶೀಟಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ನಮ್ಮ ಜಿಲ್ಲೆಯ ಮುಕ್ಕಾಲು ಮನೆಯ ಸಮಸ್ಯೆ ಇದೇ.

ತಾರಸಿ ಮೇಲೆ ಶೀಟು ಹಾಕುವುದು ಒಳ್ಳೆಯದೇ. ಮಳೆಗೂ ಆಯಿತು, ಬಿಸಿಲಿಗೂ ಕೊಡೆ ಹಿಡಿದ ಹಾಗೆ. ಬಿಸಿಲು ಶೀಟಿಗೆ ಬೀಳುತ್ತದೆ, ಮಧ್ಯದಲ್ಲಿ ಗಾಳಿ ಓಡಿ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ತಾರಸಿ ನೆರಳಲ್ಲಿ ಉಳಿಯುತ್ತದೆ. ಆದರೆ ಗಾಳಿ ಓಡಿದರೆ ಮಾತ್ರ! ಎರಡೂ ತುದಿಯ ತ್ರಿಕೋನ ಗೋಡೆ ಕಟ್ಟಿ ಮುಚ್ಚಿ, ಒಳಗೆ ಸಾಮಾನು ತುಂಬಿದರೆ ಆ ಬಿಸಿ ಹೋಗಲು ದಾರಿ ಇಲ್ಲ. ಹಗಲಿಡೀ ಅಲ್ಲೇ ಕೂತು ತಾರಸಿಗೆ ಇಳಿಯುತ್ತದೆ. ಗೋಣಿಚೀಲದ ರಾಶಿ ರಾತ್ರಿಯೂ ಬಿಸಿ ಬಿಡುವುದಿಲ್ಲ. ಸೌದೆ ಇಡುವುದು ಬೆಂಕಿ ಅಪಾಯ ಬೇರೆ.

ಅಕ್ಕ, ಸಾಮಾನು ಇಳಿಸಿ. ಎರಡೂ ತುದಿಯ ಗೋಡೆಯಲ್ಲಿ ಮೇಲ್ಗಡೆ, ಶೀಟಿನ ಕೋಡಿನ ಹತ್ತಿರ, ಆದಷ್ಟು ದೊಡ್ಡ ಕಿಂಡಿ ಮಾಡಿಸಿ. ಬಿಸಿ ಗಾಳಿ ಮೇಲೆ ನಿಲ್ಲುವುದರಿಂದ ಕಿಂಡಿ ಮೇಲೇ ಬೇಕು. ಸೂರಿನ ಅಂಚಿನ ಕೆಳಗೂ ಉದ್ದಕ್ಕೆ ಸಂದು ಇರಲಿ, ತಣ್ಣಗಿನ ಗಾಳಿ ಅಲ್ಲಿಂದ ಬರುತ್ತದೆ. ಮಳೆಯ ಎರಚಲು ಒಳಗೆ ಬರದ ಹಾಗೆ ಕಿಂಡಿಗೆ ಹೊರಕ್ಕೆ ಇಳಿಜಾರಾದ ಪಟ್ಟಿ ಕೂರಿಸಿ, ಇಲಿ, ಬಾವಲಿ ಬರದ ಹಾಗೆ ಜಾಲರಿ ಹೊಡೆಸಿ.

ಇನ್ನೊಂದು ಮುಖ್ಯ ಮಾತು. ತುದಿ ತೆರೆದ ಮೇಲೆ ಗಾಳಿ ಒಳಗಿನಿಂದ ಶೀಟನ್ನು ಎತ್ತಲು ನೋಡುತ್ತದೆ. ಕುಶಾಲನಗರದ ಕಡೆ ಏಪ್ರಿಲ್, ಮೇನಲ್ಲಿ ಗುಡುಗು ಮಳೆಯ ಜೊತೆ ಬೀಸುವ ಗಾಳಿ ಸಣ್ಣದಲ್ಲ. ಪೈಪಿಗೆ ಹಿಡಿದ ಜೆ ಹುಕ್‌ಗಳನ್ನೆಲ್ಲ ಒಂದು ಸಲ ಬಿಗಿ ಮಾಡಿಸಿ, ತುಕ್ಕು ಹಿಡಿದದ್ದನ್ನು ಬದಲಾಯಿಸಿ. ಇದನ್ನು ಬಿಟ್ಟು ಕಿಂಡಿ ಮಾತ್ರ ಮಾಡಿಸಬೇಡಿ.

ಕಕ್ಕಬೆ ಕಾಡು
ಮೇಸ್ತ್ರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ನಮ್ಮ ಕಡೆ ಜೂನ್‌ನಲ್ಲಿ ಮಳೆ ಅಡ್ಡಡ್ಡ ಬರುತ್ತದೆ. ಪಟ್ಟಿ ಸಾಲುವುದಿಲ್ಲ. ನಾವು ಮೇ ಕೊನೆಯಲ್ಲಿ ಕಿಂಡಿಗೆ ಟಾರ್ಪಾಲ್ ಕಟ್ಟಿ ಅಕ್ಟೋಬರ್‌ನಲ್ಲಿ ಬಿಚ್ಚುತ್ತೇವೆ.

ಬೆಂಗಳೂರಲ್ಲಿರುವ ಕೊಡಗಿನವ
ಶೀಟಿಗೆ ಬಿಳಿ ಬಣ್ಣ ಹೊಡೆಸಿ. ಇಲ್ಲಿ ಎಲ್ಲರೂ ತಾರಸಿಗೆ ಕೂಲ್ ರೂಫ್ ಪೇಂಟ್ ಹೊಡೆಸುತ್ತಿದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಒಂದು ನೀತಿ ತಂದಿದೆ.

ರೊಬಸ್ಟಾ ರೈತ
ಹೈದರಾಬಾದ್ ಮಳೆ ಬೇರೆ, ನಮ್ಮ ಮಳೆ ಬೇರೆ. ಮಡಿಕೇರಿ ಕಡೆ ಬಿಳಿ ಬಣ್ಣ ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ಕಪ್ಪು. ಪ್ರತಿ ವರ್ಷ ಯಾರು ಹತ್ತಿ ಉಜ್ಜುವುದು?

ಸುಂಟಿಕೊಪ್ಪ ಮೇಸ್ತ್ರಿ
ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆ ಇಲ್ಲವಲ್ಲ, ಅಲ್ಲಿ ಬಿಳಿ ಬಣ್ಣ ನಿಲ್ಲುತ್ತದೆ. ಮಡಿಕೇರಿ ಕಡೆಯೂ ಜನವರಿಯಲ್ಲಿ ಸುಣ್ಣ ಹೊಡೆದರೆ ಬೇಕಾದ ನಾಲ್ಕು ತಿಂಗಳು ಸಿಗುತ್ತದೆ. ಬರಿ ತಾರಸಿ ಇರುವವರಿಗೆ ಸುಣ್ಣವೇ ಅಗ್ಗ. ಸುಣ್ಣ ನೆನೆಸಿ, ಸೋಸಿ, ಫೆವಿಕಾಲ್ ತರಹದ ಅಂಟು ಬೆರೆಸಿ ಎರಡು ಮೂರು ಕೋಟ್. ಕಣ್ಣಿಗೆ ಹಾರದ ಹಾಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಸುಣ್ಣ ಚರ್ಮ ಸುಡುತ್ತದೆ.

ಶೀಟಿಗೆ ಸುಣ್ಣ ಹಿಡಿಯುವುದಿಲ್ಲ, ಲೋಹಕ್ಕೆ ಹೊಡೆಯುವ ಬಿಳಿ ಪೇಂಟೇ ಬೇಕು. ಹೊಸದಾಗಿ ಶೀಟು ಹಾಕಿಸುವವರು ದಯವಿಟ್ಟು ತಿಳಿ ಬಣ್ಣ ಆರಿಸಿ. ಹಂಚಿನ ಹಾಗೆ ಕಾಣಲಿ ಅಂತ ಎಲ್ಲರೂ ಕೆಂಪು ಕೇಳುತ್ತಾರೆ, ಇಲ್ಲ ಗಾಢ ಹಸಿರು. ಎರಡೂ ಬಿಸಿಲು ಹೀರುತ್ತವೆ. ಬಣ್ಣ ಇಲ್ಲದ ಹೊಳೆಯುವ ಜಿಂಕ್ ಶೀಟೂ ಮೋಸವೇ. ಬಿಸಿಲನ್ನು ವಾಪಸ್ ಕಳಿಸುತ್ತದೆ ನಿಜ, ಆದರೆ ಹಿಡಿದ ಬಿಸಿಯನ್ನು ಬೇಗ ಬಿಡುವುದಿಲ್ಲ.

ಸಿದ್ದಾಪುರ ಲೈನ್
ಎಲ್ಲರೂ ತಾರಸಿ ಮನೆ ಬಗ್ಗೆ ಹೇಳುತ್ತಿದ್ದೀರಿ. ನಾವು ಇರುವುದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ಕೊಡುವ ಸಾಲುಮನೆಯಲ್ಲಿ. ತಲೆ ಮೇಲೆ ಸಿಮೆಂಟ್ ಶೀಟು, ಅದರ ಕೆಳಗೆ ಏನೂ ಇಲ್ಲ. ಒಂದು ಕಿಟಕಿ. ಅಮ್ಮ ಬೆಳಿಗ್ಗೆಯಿಂದ ಬಿಸಿಲಲ್ಲಿ ಮೆಣಸು ಕುಯ್ದು ಮಧ್ಯಾಹ್ನ ಮನೆಗೆ ಬಂದರೆ ಒಳಗೆ ಹೊರಗಿಗಿಂತ ಬಿಸಿ. ಮರದ ಕೆಳಗೆ ಕೂತು ಊಟ ಮಾಡುತ್ತಾರೆ. ನಮ್ಮಂಥವರು ಏನು ಮಾಡಬಹುದು? ಮನೆ ನಮ್ಮದಲ್ಲ, ಗೋಡೆ ಒಡೆಯುವ ಹಾಗಿಲ್ಲ.

ಶನಿವಾರಸಂತೆ ಮೇಷ್ಟ್ರು
ತಮ್ಮ, ಒಳ್ಳೆಯದಾಯಿತು ಕೇಳಿದ್ದು. ಎಲ್ಲರಿಗಿಂತ ಹೆಚ್ಚು ಬೇಯುವುದು ನಿಮ್ಮಂಥ ಮನೆಗಳೇ.

ಮೊದಲು ಎಚ್ಚರಿಕೆ. ಹಳೆ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಅದನ್ನು ಒಣಗಿದಾಗ ಉಜ್ಜಬೇಡಿ, ಕೊರೆಯಬೇಡಿ, ಮುರಿಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಮೇಲೆ ಹತ್ತಿ ನಿಲ್ಲಲೂ ಬಾರದು, ಕಾಲು ಇಟ್ಟರೆ ಒಡೆಯುತ್ತದೆ. ಶೀಟು ಮಳೆಯಲ್ಲಿ ತೊಳೆದು ಒಣಗಿದ ಮೇಲೆ ಗೋಡೆಗೆ ಏಣಿ ಇಟ್ಟು, ಉದ್ದ ಕೋಲಿಗೆ ಬ್ರಷ್ ಕಟ್ಟಿ ಸುಣ್ಣ ಹೊಡೆಯಬಹುದು. ಸಿಮೆಂಟ್ ಶೀಟಿಗೆ ಸುಣ್ಣ ಚೆನ್ನಾಗಿ ಹಿಡಿಯುತ್ತದೆ.

ಒಳಗೆ, ಶೀಟಿನಿಂದ ಒಂದಡಿ ಕೆಳಗೆ, ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟಿ ಇಲ್ಲ ಹಳೆ ಸೀರೆ ಬಿಗಿದು ಕಟ್ಟಿ. ಶೀಟಿನ ಕಾವು ನೇರ ಮೈಗೆ ತಾಗುವುದು ನಿಲ್ಲುತ್ತದೆ. ಒಲೆಯಿಂದ ದೂರ ಇರಲಿ, ಬಟ್ಟೆ ಬೆಂಕಿಗೆ ಬೇಗ ಸಿಗುತ್ತದೆ.

ಅಮ್ಮತ್ತಿ ಅಕ್ಕ
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ದೊಡ್ಡ ತೋಟಗಳಲ್ಲಿ ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯ ಕಾಲದಿಂದ ಇದೆ. ನಾವು ತೋಟದವರೇ ಇದನ್ನು ಮಾತಾಡಬೇಕು. ನಾವು ಹೋದ ವರ್ಷ ಲೈನಿಗೆಲ್ಲ ಸುಣ್ಣ ಹೊಡೆಸಿ, ನರ್ಸರಿಯಲ್ಲಿ ಮಿಕ್ಕ ಹಸಿರು ನೆಟ್ಟನ್ನು ಶೀಟಿನಿಂದ ಎರಡಡಿ ಮೇಲೆ ಕಂಬ ನೆಟ್ಟು ಕಟ್ಟಿಸಿದೆವು. ದೊಡ್ಡ ಖರ್ಚೇನೂ ಆಗಲಿಲ್ಲ. ತಮ್ಮ, ನಿಮ್ಮ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಕೇಳಿ ನೋಡಿ. ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿ.

ಸಿದ್ದಾಪುರ ಲೈನ್
ಥ್ಯಾಂಕ್ಸ್ ಅಕ್ಕ, ಮೇಷ್ಟ್ರೇ. ನೆಟ್ ಸಿಗಬಹುದು, ನಮ್ಮಲ್ಲೂ ನರ್ಸರಿ ಇದೆ. ಭಾನುವಾರ ಕೇಳುತ್ತೇವೆ.

ಕಕ್ಕಬೆ ಕಾಡು
ನಮ್ಮ ಐನ್‌ಮನೆಗೆ, ಅಂದರೆ ಕುಟುಂಬದ ಹಳೇ ಮೂಲ ಮನೆಗೆ, ಹೋಗಿ ನೋಡಿ, ಏಪ್ರಿಲ್ ಮಧ್ಯಾಹ್ನವೂ ಒಳಗೆ ತಣ್ಣಗೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮರದ ಅಟ್ಟ, ಅದರ ಮೇಲೆ ಹಂಚು. ಮುಂದೆ ಕೈಯಾಲೆ (ಜಗಲಿ) ಇರುವುದರಿಂದ ಗೋಡೆಗೆ ಬಿಸಿಲೇ ತಾಗುವುದಿಲ್ಲ. ಹಿರಿಯರಿಗೆ ಎಲ್ಲ ಗೊತ್ತಿತ್ತು. ನಾವು ಬೆಂಗಳೂರು ಮನೆ ತಂದು ಇಲ್ಲಿ ನಿಲ್ಲಿಸಿದೆವು.

ಹೋಂಸ್ಟೇ ವಿರಾಜಪೇಟೆ
ಐನ್‌ಮನೆ ಹೊಗಳುವವರು ಜುಲೈನಲ್ಲಿ ಅಲ್ಲಿ ಒಂದು ವಾರ ಮಲಗಿ. ಗೋಡೆ ತೇವ, ಬಟ್ಟೆಗೆ ಬೂಸಲು, ಒಳಗೆ ಕತ್ತಲೆ. ಗೆದ್ದಲಿನ ಖರ್ಚು ಬೇರೆ. ಆ ಕಾಲದ ಮರ ಈಗ ಯಾರಿಗೆ ಸಿಗುತ್ತದೆ?

ಕಕ್ಕಬೆ ಕಾಡು
ಪೂರ್ತಿ ಐನ್‌ಮನೆ ಕಟ್ಟಿ ಅಂತ ಯಾರು ಹೇಳಿದರು? ಜಗಲಿ ಇಡಿ, ಸೂರು ಉದ್ದ ಇಳಿಸಿ, ಅಟ್ಟ ಮಾಡಿಸಿ. ಇಷ್ಟು ಮಾಡಲು ಬೀಟೆ ಮರ ಬೇಡ. ನಿಮ್ಮ ಹೋಂಸ್ಟೇಗೆ ಬೆಟ್ಟ ಕಾಣಲಿ ಅಂತ ಪಶ್ಚಿಮಕ್ಕೆ ನೆಲದಿಂದ ಸೀಲಿಂಗ್ ತನಕ ಗಾಜು ಹಾಕುತ್ತೀರಲ್ಲ, ಅದಕ್ಕಿಂತ ಜಗಲಿ ಕಟ್ಟಿದರೆ ಅತಿಥಿಗಳೂ ಹೊರಗೇ ಕೂರುತ್ತಾರೆ.

ಹೋಂಸ್ಟೇ ವಿರಾಜಪೇಟೆ
ಗಾಜಿನ ಮಾತು ಒಪ್ಪುತ್ತೇನೆ. ಸ್ಲೈಡಿಂಗ್ ಕಿಟಕಿ ಹಾಕಿಸುವವರೂ ಒಂದು ಗಮನದಲ್ಲಿಡಿ. ಎರಡು ಬಾಗಿಲಿನ ಸ್ಲೈಡಿಂಗ್ ಎಷ್ಟು ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ. ಹಳೆ ಕಾಲದ ಮರದ ಕಿಟಕಿ ಪೂರ್ತಿ ತೆರೆಯುತ್ತದೆ.

ವೈರಿಂಗ್ ಅಣ್ಣ
ಮಡಿಕೇರಿಯ ಹಳೆ ತಾರಸಿ ಮನೆಗಳಲ್ಲಿ ಫ್ಯಾನ್ ಹುಕ್ಕೇ ಇರುವುದಿಲ್ಲ ಗೊತ್ತಾ? ಆಗ ಯಾರಿಗೂ ಬೇಕಿರಲಿಲ್ಲ. ಈಗ ಎಲ್ಲರೂ ಕರೆದು ಹುಕ್ ಹಾಕಿಕೊಡಿ ಅನ್ನುತ್ತಾರೆ. ಸೋರುವ ಹಳೆ ತಾರಸಿ ಕೊರೆಯುವುದಕ್ಕಿಂತ ಗೋಡೆ ಫ್ಯಾನ್ ಹಾಕಿ ಅಂತ ನಾನು ಹೇಳುತ್ತೇನೆ.

ಕರೆಂಟ್ ಹೋಗುವ ಕಡೆ ಬಿಎಲ್‌ಡಿಸಿ ಫ್ಯಾನ್ ತಗೊಳ್ಳಿ. ಮಾಮೂಲಿ ಫ್ಯಾನ್ 70–75 ವ್ಯಾಟ್, ಇದು ಸುಮಾರು 30. ಅದೇ ಇನ್ವರ್ಟರ್ ಬ್ಯಾಟರಿಯಲ್ಲಿ ಎರಡು ಪಟ್ಟು ಹೊತ್ತು ಓಡುತ್ತದೆ. ಫ್ಯಾನ್ ಕೋಣೆ ತಂಪು ಮಾಡುವುದಿಲ್ಲ, ಮೈ ಬೆವರು ಆರಿಸುತ್ತದೆ ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ಓಡಿಸಿ ಪ್ರಯೋಜನ ಇಲ್ಲ.

ಮಂಜಿನ ಮನೆ
ಹಗಲು ಕಿಟಕಿ ಎಲ್ಲ ತೆರೆದಿಟ್ಟರೆ ಗಾಳಿ ಆಡುತ್ತದಲ್ಲ. ಅದೇ ಸಾಕಲ್ವಾ?

ಶನಿವಾರಸಂತೆ ಮೇಷ್ಟ್ರು
ಇಲ್ಲ, ಇಲ್ಲಿ ನಾನು ಒಪ್ಪುವುದಿಲ್ಲ. ಮಂಗಳೂರಿನವರು ಹಗಲು ರಾತ್ರಿ ತೆರೆದಿಡಲಿ, ಅಲ್ಲಿ ರಾತ್ರಿಯೂ ಸೆಖೆ. ನಮಗೆ ಒಂದು ಭಾಗ್ಯ ಇದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು. ಆ ತಂಪನ್ನು ಮನೆಯೊಳಗೆ ತುಂಬಿಸಿ, ಹಗಲು ಹಿಡಿದಿಟ್ಟುಕೊಳ್ಳಬೇಕು. ಹೊರಗೆ ಒಳಗಿಗಿಂತ ತಣ್ಣಗಾದ ಕೂಡಲೇ ಎಲ್ಲ ಕಿಟಕಿ ತೆರೆಯಿರಿ, ಬೆಳಿಗ್ಗೆ ಎಂಟೂವರೆ ಒಂಬತ್ತರ ತನಕ ಬಿಡಿ. ಆಮೇಲೆ ಮುಚ್ಚಿ, ಬಿಸಿಲು ಬೀಳುವ ಕಡೆ ಪರದೆ ಎಳೆಯಿರಿ.

ಇವರ ಮನೆಯಲ್ಲಿ ಸಂಜೆ ಏಳಕ್ಕೆ ಹೊರಗೆ 26, ಒಳಗೆ 33. ಏಳು ಡಿಗ್ರಿ ತಂಪು ಕಿಟಕಿ ಹೊರಗೆ ಕಾದು ನಿಂತಿದೆ! ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನ್ ಹೊರಮುಖ ಮಾಡಿ ಇಟ್ಟು ಎದುರಿನ ಕಿಟಕಿ ತೆರೆಯಿರಿ. ಒಳಗಿನ ಬಿಸಿಯನ್ನು ಫ್ಯಾನ್ ಹೊರಗೆ ತಳ್ಳುತ್ತದೆ, ಹೊರಗಿನ ತಂಪು ತಾನಾಗಿ ಬರುತ್ತದೆ.

ರೊಬಸ್ಟಾ ರೈತ
ರಾತ್ರಿ ಕಿಟಕಿ ತೆರೆದಿಡಿ ಅನ್ನುವುದು ಸುಲಭ. ಸೊಳ್ಳೆ? ಹಾವು?

ಕಕ್ಕಬೆ ಕಾಡು
ಆನೆ?

ಅಮ್ಮತ್ತಿ ಅಕ್ಕ
ಸೊಳ್ಳೆ, ಹಾವು ಎರಡಕ್ಕೂ ಜಾಲರಿ ಇದೆ. ಕಿಟಕಿ ಚೌಕಟ್ಟಿಗೆ ಸ್ಟೀಲ್ ಜಾಲರಿ ಹೊಡೆಸಿ, ಕೋತಿಯೂ ಬರುವುದಿಲ್ಲ. ಆನೆ ವಿಷಯ ಮಾತ್ರ ನಿಜವಾಗಿ ಹೇಳುತ್ತೇನೆ. ಹಲಸಿನ ಕಾಲದಲ್ಲಿ ಹಣ್ಣು ಮನೆಯೊಳಗೆ ಇಟ್ಟು ಕಿಟಕಿ ತೆರೆದು ಮಲಗಬೇಡಿ. ವಾಸನೆ ಹಿಡಿದು ಬರುತ್ತದೆ. ನಮ್ಮ ಪಕ್ಕದ ತೋಟದಲ್ಲಿ ಅಡುಗೆಮನೆಯ ಗೋಡೆಯೇ ಹೋಯಿತು. ತೋಟದ ಹಲಸನ್ನು ಕಾಯಿ ಇರುವಾಗಲೇ ಇಳಿಸಿಬಿಡಿ.

ರೊಬಸ್ಟಾ ರೈತ
ಹಲಸು ಇಳಿಸಲು ಆಳು ಎಲ್ಲಿ ಅಕ್ಕ? ಈ ವರ್ಷ ಮೆಣಸು ಕುಯ್ಯಲೇ ಜನ ಸಿಗಲಿಲ್ಲ.

ಗೋಣಿಕೊಪ್ಪ ಸಿಸ್ಟರ್
ಆನೆ, ಆಳು ಎರಡನ್ನೂ ಸ್ವಲ್ಪ ಬದಿಗಿಟ್ಟು ಅಜ್ಜನ ವಿಷಯಕ್ಕೆ ಬನ್ನಿ. ನಾನು ನರ್ಸ್. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಕೇಳಿದಾಗ ಕೊಡೋಣ ಅಂತ ಕಾಯಬೇಡಿ. ಗಂಟೆ ಗಂಟೆಗೆ ಸ್ವಲ್ಪ ನೀರು, ಮಜ್ಜಿಗೆ, ಗಂಜಿ ತಿಳಿ ಕೊಡುತ್ತಿರಿ. ಬಿಪಿಗೆ ನೀರು ಹೋಗುವ ಮಾತ್ರೆ ತಗೊಳ್ಳುವವರು, ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಅಂತ ತಮ್ಮ ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಲಿ.

ಸೆಖೆ ಜಾಸ್ತಿ ಇದ್ದಾಗ ಒದ್ದೆ ಬಟ್ಟೆಯಲ್ಲಿ ಕತ್ತು, ಕೈ, ಕಾಲು ಒರೆಸಿ ಫ್ಯಾನ್ ಕೆಳಗೆ ಕೂರಿಸಿ. ಅಷ್ಟಕ್ಕೇ ಎಷ್ಟೋ ಹಾಯಾಗುತ್ತದೆ. ಮಾತು ತಡವರಿಸಿದರೆ, ಗೊಂದಲ ಆದರೆ, ಮೈ ಸುಡುತ್ತಿದ್ದರೆ ಅದು ಬರೀ ಸುಸ್ತು ಅಲ್ಲ. ಮೈಗೆ ನೀರು ಹಾಕಿ ತಣ್ಣಗೆ ಮಾಡುತ್ತಾ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್ಚರ ಸರಿಯಿಲ್ಲದವರಿಗೆ ಬಾಯಿಗೆ ನೀರು ಹಾಕಬೇಡಿ.

ಈ ಎರಡು ತಿಂಗಳು ಅವರನ್ನು ಬೇರೆ ಕೋಣೆಗೆ ಬದಲಾಯಿಸಲು ಆಗುವುದಿಲ್ಲವಾ?

ಹಾರಂಗಿ ಸೊಸೆ
ಸಿಸ್ಟರ್, ಉತ್ತರದ ಕಡೆ ಮಕ್ಕಳು ಓದುವ ಕೋಣೆ ಇದೆ. ಮಾವ ಒಪ್ಪುವುದಿಲ್ಲ ಅಂದುಕೊಂಡಿದ್ದೆವು. ಇವತ್ತು ಕೇಳಿದರೆ, ರೇಡಿಯೋ ಅಲ್ಲಿಗೇ ಬಂದರೆ ನಾನೂ ಬರುತ್ತೇನೆ ಅಂದರು. ಮಂಚ ಆಗಲೇ ಆ ಕಡೆ ಹೋಗಿದೆ.

ಪಶ್ಚಿಮದ ಗೋಡೆಗೆ ಏನು ಮಾಡಲಿ? ಕಣದ ಕಾವೂ ಸಂಜೆ ಆ ಕಡೆಯಿಂದಲೇ ಬರುತ್ತದೆ.

ರೊಬಸ್ಟಾ ರೈತ
ಬಾಳೆ ಹಾಕಿ. ಜೂನ್‌ನಲ್ಲಿ ಕಂದು ನೆಟ್ಟರೆ ಬರುವ ಮಾರ್ಚ್‌ಗೆ ಗೋಡೆ ಪೂರ್ತಿ ನೆರಳು.

ಅಮ್ಮತ್ತಿ ಅಕ್ಕ
ಆನೆ ದಾರಿ ಇರುವ ಕಡೆ ಮನೆಗೆ ಅಂಟಿಸಿ ಬಾಳೆ ಬೇಡ! ನಿಂಬೆ, ಕರಿಬೇವು ಸಾಕು. ಅದಕ್ಕಿಂತ ಬೇಗ ಆಗುವುದು ಚಪ್ಪರ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಪೈಪು ನೆಟ್ಟು, ತಂತಿ ಎಳೆದು ಪ್ಯಾಷನ್ ಫ್ರೂಟ್ ಬಳ್ಳಿ ಹಬ್ಬಿಸಿ. ಬಳ್ಳಿ ಬರುವ ತನಕ ಅದೇ ತಂತಿಗೆ ನರ್ಸರಿ ನೆಟ್ ಕಟ್ಟಿ. ಬಳ್ಳಿಯನ್ನು ಗೋಡೆಗೇ ಹತ್ತಿಸಬೇಡಿ, ಮಳೆಗಾಲದಲ್ಲಿ ಗೋಡೆ ಆರುವುದಿಲ್ಲ. ನೆರಳು ಕಿಟಕಿಯ ಹೊರಗೆ ಇರಬೇಕು. ಗಾಜು ದಾಟಿ ಬಿಸಿಲು ಒಳಗೆ ಬಂದ ಮೇಲೆ ಕರ್ಟನ್ ಎಳೆದರೆ ಅರ್ಧ ಕೆಲಸ ಕೆಟ್ಟಿರುತ್ತದೆ.

ಕಣದ ಕಾವಿಗೂ ಅದೇ ಚಪ್ಪರ ಅಡ್ಡ ಬರುತ್ತದೆ. ಕಾಫಿ ಒಣಗಿಸಿ ಮುಗಿದ ಮೇಲೆ ಮನೆಗೆ ತಾಗಿದ ಹತ್ತಡಿ ಕಣದ ಮೇಲೂ ನೆಟ್ ಎಳೆದುಬಿಡಿ.

ಬೆಂಗಳೂರಲ್ಲಿರುವ ಕೊಡಗಿನವ
ಮನೆ ಸುತ್ತ ದೊಡ್ಡ ಮರ ಇದ್ದರೆ ಇದೆಲ್ಲ ಬೇಕಾಗುತ್ತಲೇ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಅತ್ತಿ, ಹಲಸು, ಹಾಲುವಾಣ ಎಲ್ಲ ಇತ್ತು. ಈಗ ಎಲ್ಲಿ ನೋಡಿದರೂ ಸಿಲ್ವರ್ ಓಕ್. ಅದರ ನೆರಳು ನೆರಳೇ ಅಲ್ಲ.

ಕಕ್ಕಬೆ ಕಾಡು
ದೂರದಲ್ಲಿದ್ದು ಹೇಳಬಹುದು. 2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ಮನೆ ಹಿಂದಿನ ಬರೆಯಲ್ಲಿ (ಕಡಿದಾದ ಇಳಿಜಾರಿನಲ್ಲಿ) ದೊಡ್ಡ ಮರ ಅಂದರೆ ಜನಕ್ಕೆ ನಿದ್ದೆ ಬರುವುದಿಲ್ಲ. ಮರ ಇರಲಿ, ಆದರೆ ಬಿದ್ದರೆ ಮನೆಗೆ ತಾಗದಷ್ಟು ದೂರ ಇರಲಿ.

ಸುಂಟಿಕೊಪ್ಪ ಮೇಸ್ತ್ರಿ
ಮುಂದೆ ಮನೆ ಕಟ್ಟುವವರಿಗೆ ಒಂದು ಮಾತು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿದ ರ್‍ಯಾಟ್ ಟ್ರ್ಯಾಪ್ ಗೋಡೆ ಕೇಳಿ. ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟುವುದು, ಮಧ್ಯದಲ್ಲಿ ಪೊಳ್ಳು ಉಳಿಯುತ್ತದೆ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯ, ಬಿಸಿಯೂ ಬೇಗ ದಾಟುವುದಿಲ್ಲ. ಗೊತ್ತಿರುವ ಗಾರೆಯವರ ಕೈಲೇ ಮಾಡಿಸಿ.

ಹಾರಂಗಿ ಸೊಸೆ
ಮೇಸ್ತ್ರಿ ಅಣ್ಣ, ನಿನ್ನೆ ಶೀಟಿನ ಕೆಳಗಿನ ಸಾಮಾನು ಇಳಿಸಿ ಸೌದೆಯನ್ನು ಕೊಟ್ಟಿಗೆಗೆ ಹಾಕಿದೆವು. ಕಿಟಕಿಯಲ್ಲಿ ಫ್ಯಾನ್ ಹೊರಮುಖ ಮಾಡಿ ಇಟ್ಟೆವು. ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಕೋಣೆ 29ಕ್ಕೆ ಬಂತು. ಮೊದಲು ಆ ಹೊತ್ತಿಗೆ 32ರ ಕೆಳಗೆ ಇಳಿಯುತ್ತಿರಲಿಲ್ಲ. ಈಗ ಕಿಂಡಿ ಮಾಡಿಸಬೇಕು. ತ್ರಿಕೋನ ಗೋಡೆ ಒಡೆದರೆ ಶೀಟಿಗೆ ಏನೂ ಆಗುವುದಿಲ್ಲ ತಾನೇ?

ಸುಂಟಿಕೊಪ್ಪ ಮೇಸ್ತ್ರಿ
ಶೀಟು ಕೂತಿರುವುದು ಕಬ್ಬಿಣದ ಪೈಪಿನ ಮೇಲಾ, ಗೋಡೆಯ ಮೇಲಾ, ಅದನ್ನು ಮೊದಲು ನೋಡಿ. ಪೈಪಿಗೆ ಬೇರೆ ಕಂಬ ಇದ್ದರೆ ಧೈರ್ಯವಾಗಿ ಒಡೆಸಿ. ಪೈಪಿನ ತುದಿ ಗೋಡೆಯೊಳಗೆ ಹೂತಿದ್ದರೆ ಅದರ ಕೆಳಗಿನ ಇಟ್ಟಿಗೆ ಮುಟ್ಟಬಾರದು, ಎರಡು ಪಕ್ಕದಲ್ಲಿ ಕಿಂಡಿ ತೆಗೆಯಬೇಕು. ಒಳಗಿಂದ ಒಂದು, ಹೊರಗಿಂದ ಒಂದು ಫೋಟೋ ಹಾಕಿ ಅಕ್ಕ, ನೋಡಿ ಹೇಳುತ್ತೇನೆ. ಜೋರು ಗಾಳಿ ಮಳೆ ಶುರುವಾಗುವ ಮೊದಲೇ ಮಾಡಿಸಿ.